ಮುಂದಕ್ಕೆ ಸರಿಸಿದ ವಾರ

ಹಲ್ಲಿನ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕೂತು, ಡಾಕ್ಟರುಗಳು ಕಳಿಸುವ ಅಚ್ಚಿಗೆ ಸರಿಯಾಗಿ ಹಲ್ಲಿನ ಸೆಟ್ ಕಟ್ಟುವುದು ಅವರ ಕಸುಬು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಎಲ್ಲರ ತಪ್ಪು ತಿದ್ದುವ ಚಾಳಿ ನೋಡಿ ಬೀದಿಯವರು ಆ ಹೆಸರಿಟ್ಟಿದ್ದರು. ಅಂಥವರು ಈಗ ಕೆಲವು ವಾರಗಳಿಂದ ಬೆಳಿಗ್ಗೆ ಹಲ್ಲು ಕೂರಿಸುವ ಮೇಣ ಕಾಯಿಸಬೇಕಾದ ಹೊತ್ತಿನಲ್ಲಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕೂರತೊಡಗಿದ್ದರು. ಅತ್ತಲಿಂದ ಒಂದೇ ರಾಗ, ನಡುನಡುವೆ "ನಿಮ್ಮ ಕರೆ ನಮಗೆ ಅಮೂಲ್ಯ" ಎಂಬ ಮಾತು. ಅಷ್ಟು ಅಮೂಲ್ಯವಾಗಿದ್ದರೆ ಎತ್ತಬಾರದೇ?

ಅದು ರಜೆ ಕ್ಲಬ್ಬಿನ ಫೋನು. ಎಷ್ಟೋ ವರ್ಷಗಳ ಹಿಂದೆ ಗಂಡ ಹೆಂಡತಿ ಇಬ್ಬರೂ ಪುಕ್ಕಟೆ ಊಟದ ಆಸೆಗೆ ಒಂದು ಹೋಟೆಲಿಗೆ ಹೋಗಿದ್ದರು. ಊಟವೇನೋ ಚೆನ್ನಾಗಿತ್ತು. ಆಮೇಲೆ ಟೈ ಕಟ್ಟಿದ ಹುಡುಗರು ಸುತ್ತ ಕೂತು, ಸಂಜೆಯವರೆಗೂ ಎದ್ದೇಳಲು ಬಿಡದೆ ಮೂಗಿಗೆ ತುಪ್ಪ ಸವರಿದರು. ಬೆಟ್ಟದ ಮೇಲಿನ ವಿಹಾರಧಾಮದಲ್ಲಿ ವರ್ಷಕ್ಕೊಂದು ವಾರ, ಬದುಕಿರುವವರೆಗೂ ನಿಮ್ಮದೇ ಎಂದರು. ಮೇಷ್ಟ್ರು ಸಹಿ ಹಾಕಿದರು. ಬದುಕು ಮುಗಿದ ಮೇಲೆ, ವರ್ಷವರ್ಷ ಕಟ್ಟಬೇಕಾದ ಹಣದ ಸಮೇತ, ಅದು ಮಗಳ ಕೊರಳಿಗೆ ಬೀಳುತ್ತದೆ ಎಂಬುದು ಆಮೇಲೆ ತಿಳಿದ ಸಂಗತಿ. ಬಿಟ್ಟಿ ಕೊಡುತ್ತೇವೆಂದರೂ ತೆಗೆದುಕೊಳ್ಳುವ ಮಹಾನುಭಾವ ಇವತ್ತಿನವರೆಗೆ ಸಿಕ್ಕಿಲ್ಲ.

ಬೆಟ್ಟ ಇವರಿಗೆ ಆಗಿಬರಲಿಲ್ಲ. ಹೆಂಡತಿಗೆ ಮಂಡಿನೋವು, ಅಲ್ಲೋ ಎಲ್ಲಿ ನೋಡಿದರೂ ಮೆಟ್ಟಿಲು. ಕ್ಲಬ್ಬಿಗೆ ಕಡಲತೀರದಲ್ಲೂ ಒಂದು ಮನೆಯಿತ್ತು, ಆದರೆ ಅಲ್ಲಿ ಇವರು ಹೊರಗಿನವರು. ಯಾರು ಯಾವ ಜಾಗದ ಪಾಲು ಕೊಂಡಿದ್ದಾರೋ ಆ ಜಾಗ ಅವರಿಗೆ ಮೊದಲು: ಕಡಲ ಪಾಲುದಾರರು ಒಂದು ವರ್ಷ ಮುಂಚೆಯೇ ಬುಕ್ ಮಾಡಬಹುದು. ಬೆಟ್ಟದವರು ಏಳು ತಿಂಗಳು ಮುಂಚೆ ಮಾತ್ರ. ಅಷ್ಟರಲ್ಲಿ ಶಾಲೆಯ ರಜೆಯ ವಾರಗಳಲ್ಲಿ ಉಳಿದಿರುವುದು ಒಂದೋ ಎರಡೋ ಕೋಣೆ. ಅದಕ್ಕೂ ನೂರಾರು ಜನ ಬಾಯಿ ಬಿಟ್ಟುಕೊಂಡು ಕಾಯುತ್ತಿರುತ್ತಾರೆ. ಹೀಗಾಗಿ ಮೇಷ್ಟ್ರ ಮನೆಯವರು ಪ್ರತಿ ವರ್ಷ ಬೇಡದ ಕಾಲದಲ್ಲಿ ಬೇಡದ ಬೆಟ್ಟ ಹತ್ತಿ, ಮುಖ ಊದಿಸಿಕೊಂಡು ಇಳಿದು ಬರುತ್ತಿದ್ದರು.

ಈ ಸಲ ಮಾತ್ರ ಹಾಗೆ ಬಿಡುವಂತಿರಲಿಲ್ಲ. ಮಗಳು ಗಂಡನನ್ನು ಬಿಟ್ಟು ಬಂದು ಎರಡು ವರ್ಷವಾಗಿತ್ತು. ಮೊಮ್ಮಗಳು ಅಪ್ಪನ ಬಳಿ ಉಳಿದಿದ್ದಳು. ಬೇಸಿಗೆ ರಜೆಯ ಕೊನೆಯ ವಾರ ಮಗು ತಾಯಿಯ ಮನೆಯಲ್ಲಿರಲಿ ಎಂದು ನ್ಯಾಯಾಲಯ ಹೇಳಿತ್ತು. ವರ್ಷಕ್ಕೆ ಅದೊಂದೇ ವಾರ. ಹೋದ ಸಲ ಬಂದಾಗ ಮಗು ಈ ಇಕ್ಕಟ್ಟಾದ ಮನೆಯಲ್ಲಿ ಮೂಲೆ ಹಿಡಿದು ಕೂತು, ಯಾರೊಂದಿಗೂ ಬಾಯಿ ಬಿಡದೆ ಹೊರಟುಹೋಗಿತ್ತು. ಮಗಳು ಆಮೇಲೆ ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ಮೇಷ್ಟ್ರಿಗೆ ಅದನ್ನು ನೋಡಲಾಗಲಿಲ್ಲ. ಕಡಲ ದಂಡೆಯ ಮರಳಿನಲ್ಲಿ ತಾಯಿ ಮಗಳನ್ನು ಒಟ್ಟಿಗೆ ಬಿಟ್ಟರೆ ಆ ಬಿಗುವು ತಾನಾಗಿ ಸಡಿಲವಾಗುತ್ತದೆ ಎಂದು ಅವರ ಮನಸ್ಸು ಹಟ ಹಿಡಿಯಿತು. ಫೋನಿನಲ್ಲಿ ಮೊಮ್ಮಗಳಿಗೆ ಮಾತೂ ಕೊಟ್ಟುಬಿಟ್ಟರು.

ದಾರಿ ತೋರಿಸಿದವನು ಎದುರು ಮನೆಯ ಕಂಡಕ್ಟರ್. ಬಸ್ಸಿನ ಕೆಲಸದಿಂದ ನಿವೃತ್ತನಾದವನು, ಅದೇ ಕ್ಲಬ್ಬಿನ ಬಲೆಗೆ ಬಿದ್ದ ಇನ್ನೊಂದು ಮೀನು.

"ಬೇಕಾದ ವಾರ ಬರೋವರೆಗೂ ಕಾಯ್ತಾ ಕೂತ್ರೆ ಕೆಟ್ರಿ ಮೇಷ್ಟ್ರೇ. ರಜೆಗೂ ಮುಂಚಿನ, ಯಾರಿಗೂ ಬೇಡದ ವಾರ ಒಂದನ್ನ ಮೊದಲು ಹಿಡ್ಕೊಳ್ಳಿ. ದಿನಾ ಬೆಳಿಗ್ಗೆ ಹೊಸದಾಗಿ ಒಂದು ದಿನ ತೆರೀತಾರೆ. ಆ ದಿನದಿಂದ ಶುರುಮಾಡಿ ಒಂದು ವಾರ ಹಿಡಿಯೋ ಹಕ್ಕು. ನೀವು ಆಗಲೇ ಒಳಗಿದೀರಲ್ಲ, ಫೋನ್ ಮಾಡಿ ಹಿಂದಿನ ಒಂದು ದಿನ ಬಿಡಿ, ಮುಂದಿನ ಒಂದು ದಿನ ತಗೊಳ್ಳಿ, ಹೀಗೇ ದಿನಾ ಸರಿಸ್ತಾ ನಿಮಗೆ ಬೇಕಾದ ವಾರಕ್ಕೆ ಬನ್ನಿ. ಹೊಸಬರು ಬಾಗಿಲು ತಟ್ಟೋ ಹೊತ್ತಿಗೆ ಸೀಟು ನಿಮ್ಮದೇ."

"ಒಂದು ದಿನ ತಪ್ಪಿದ್ರೆ?"

"ತಪ್ಪಿದ್ರೆ ಮುಂದಿನ ದಿನ ಇನ್ನೊಬ್ಬ ನುಂಗ್ತಾನೆ. ನೀವು ಅಲ್ಲೇ ನಿಂತ್ರಿ. ರೈಟ್ ಹೇಳೋಕೆ ಯಾರೂ ಇಲ್ಲ."

ಅಂದಿನಿಂದ ಮೇಷ್ಟ್ರ ಬದುಕು ಕಟ್ಟಿಹಾಕಿದ ಎತ್ತಿನಂತಾಯಿತು. ಭಾನುವಾರವೆಂದಿಲ್ಲ, ಜ್ವರವೆಂದಿಲ್ಲ, ಬೆಳಿಗ್ಗೆ ಕ್ಲಬ್ಬಿನ ಬಾಗಿಲು ತೆರೆಯುವ ಹೊತ್ತಿಗೆ ಫೋನಿನ ಮುಂದೆ ಹಾಜರು. ಹೆಂಡತಿಗೆ ಒಪ್ಪಿಸೋಣವೆಂದರೆ ಅದೂ ಆಗದು, ಸದಸ್ಯರೇ ಮಾತಾಡಬೇಕು, ಹುಟ್ಟಿದ ತಾರೀಕಿನಿಂದ ಹಿಡಿದು ಎಲ್ಲ ಪ್ರಶ್ನೆಗೂ ಅವರದೇ ಬಾಯಲ್ಲಿ ಉತ್ತರ ಬರಬೇಕು. ದಾರಿಯಲ್ಲಿ ಸಿಗ್ನಲ್ ಹೋದರೆ ಎಂಬ ಭಯಕ್ಕೆ ಷಡ್ಡಕನ ಮಗನ ಮದುವೆಗೆ ಹೋಗಲಿಲ್ಲ. ಒಡಹುಟ್ಟಿದ ತಮ್ಮ ಆಸ್ಪತ್ರೆ ಸೇರಿದಾಗ ಮಧ್ಯಾಹ್ನ ಹೋಗಿ ಸಂಜೆಯೇ ಓಡಿಬಂದರು. ಒಂದು ಬೆಳಿಗ್ಗೆ ರಾಗ ಕೇಳುತ್ತ ಮೈಮರೆತು, ಯಾರದೋ ಮೇಲಿನ ಸಾಲಿನ ಹಲ್ಲುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿ ಡಾಕ್ಟರಿಂದ ಬೈಸಿಕೊಂಡರು. ಎಲ್ಲರ ತಪ್ಪು ತಿದ್ದುವ ಮೇಷ್ಟ್ರು!

"ರಜೆಗೆ ಹೋಗೋಕೆ ಅಂತ ಮನೆ ಬಿಟ್ಟು ಅಲ್ಲಾಡದ ಮನುಷ್ಯನ್ನ ನಾನು ಎಲ್ಲೂ ನೋಡಿಲ್ಲ," ಎಂದಳು ಹೆಂಡತಿ.

"ಇನ್ನು ಸ್ವಲ್ಪ ದಿನ ತಡ್ಕೊಳೇ."

ವಾರ ಸರಿಯುತ್ತ ಸರಿಯುತ್ತ ರಜೆಯ ಒಳಗೆ ಬಂತು. ಕೊನೆಯ ವಾರದ ಹೊಸ್ತಿಲಿಗೂ ಬಂತು. ಇನ್ನೊಂದೇ ದಿನ ಸರಿಸಿದರೆ ಮುಗಿಯಿತು ಎನ್ನುವಾಗ, ಸಂಜೆ ಮಗಳು ಕೆಲಸದಿಂದ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಅಪ್ಪ, ನಾಳೆ ಬೆಳಿಗ್ಗೆ ಕೋರ್ಟಿಗೆ ಬರಬೇಕಂತೆ. ಅವರ ಕಡೆಯಿಂದ ಏನೋ ಅರ್ಜಿ ಹಾಕಿದಾರೆ. ಮೊದಲನೇ ಕೇಸು ನಮ್ಮದೇ. ನೀನು ಬರ್ತೀಯಲ್ಲ?"

ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕೋರ್ಟಿನ ಗೇಟಿನಲ್ಲೇ ಫೋನು ಇಸಿದುಕೊಳ್ಳುತ್ತಾರೆ. ಕ್ಲಬ್ಬು ತೆರೆಯುವುದೂ ಅದೇ ಹೊತ್ತಿಗೆ.

"ಅಮ್ಮ ಬರ್ತಾಳಮ್ಮ. ವಕೀಲರಿದಾರೆ. ನಾಳೆ ಒಂದು ದಿನ ತಪ್ಪಿದ್ರೆ ಇಷ್ಟು ದಿನದ್ದೆಲ್ಲ ನೀರಲ್ಲಿ ಹೋಮ. ನಿನಗೋಸ್ಕರ ತಾನೇ ನಾನು ಇದನ್ನೆಲ್ಲ..."

"ನನಗೆ ಭಯ ಆಗ್ತಿದೆ ಅಪ್ಪ."

"ಭಯ ಯಾಕೆ, ಸುಮ್ನೆ ಏನೋ ಕೇಳ್ತಾರೆ ಅಷ್ಟೆ," ಎಂದರು ಮೇಷ್ಟ್ರು, ಕೋರ್ಟನ್ನೇ ಅರೆದು ಕುಡಿದವರ ಹಾಗೆ. ಮಗಳು ತಲೆ ತಗ್ಗಿಸಿ ಚಪ್ಪಲಿ ಕಳಚಿದಳು. ಅವಳು ಮುಖ ನೋಡದೆ ಒಳಗೆ ಹೋದದ್ದು ಅವರಿಗೆ ಒಳಗೊಳಗೇ ಚುಚ್ಚಿತು, ಆದರೂ ಬರುತ್ತೇನೆ ಎಂಬ ಮಾತು ಬಾಯಿಂದ ಹೊರಡಲಿಲ್ಲ.

ಬೆಳಿಗ್ಗೆ ತಾಯಿ ಮಗಳು ಆಟೋ ಹತ್ತಿದರು. ಮೇಷ್ಟ್ರು ಫೋನು ಹಿಡಿದರು. ರಾಗ ಬಂತು, ಅಮೂಲ್ಯ ಬಂತು, ಕೊನೆಗೆ ಒಂದು ಹುಡುಗಿಯ ದನಿ ಬಂತು. ಹಿಂದಿನ ದಿನ ಬಿಟ್ಟರು, ಮುಂದಿನ ದಿನ ಹಿಡಿದರು. ರಜೆಯ ಕೊನೆಯ ವಾರ ಪೂರ್ತಿ ಕೈಗೆ ಬಂತು. ಕಡಲಿಗೆ ಮುಖ ಮಾಡಿದ ಕೋಣೆ, ಎರಡು ಮಂಚ, ಮಗುವಿಗೆ ಬೇರೆ ಹಾಸಿಗೆ. ಮೇಷ್ಟ್ರು ಒಬ್ಬರೇ ಕೋಣೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಅಂಥ ಸಂತೋಷ ಅವರಿಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ಮಧ್ಯಾಹ್ನ ಇಬ್ಬರೂ ಮರಳಿದರು. ಮಗಳು ನೇರ ಹೋಗಿ ಗೋಡೆಗೆ ಒರಗಿ ಕೂತಳು. ಹೇಳಿದವಳು ಹೆಂಡತಿ.

"ವಾರ ಬದಲಾಯಿಸಿಬಿಟ್ರು. ಕೊನೇ ವಾರ ಅವರ ಮನೇಲಿ ಗೃಹಪ್ರವೇಶ ಅಂತೆ, ಮಗು ಅಲ್ಲೇ ಇರಬೇಕಂತೆ. ಅದರ ಹಿಂದಿನ ವಾರ ನಮಗೆ ಕೊಟ್ಟಿದಾರೆ."

"ನೀವು ಸುಮ್ನಿದ್ರಾ? ಕಡಲ ಮನೆ ಬುಕ್ ಆಗಿದೆ ಅಂತ ಹೇಳಬಾರದಿತ್ತಾ?"

"ಹೇಳಿದೆ. ಯಾವಾಗಿಂದ ಯಾವಾಗಿನವರೆಗೆ, ಯಾರ ಹೆಸರಲ್ಲಿ, ಏನಾದ್ರೂ ತೋರಿಸೋಕಿದೆಯಾ ಅಂದ್ರು ಜಡ್ಜು. ನನಗೇನು ಗೊತ್ತು? ಎಲ್ಲ ನಿಮ್ಮ ಫೋನಲ್ಲಿದೆ. ಮಗುವಿನ ತಾತ ಬಂದಿದಾರಾ ಅಂತ ಎರಡು ಸಲ ಕೇಳಿದ್ರು."

ಮೇಷ್ಟ್ರು ಮತ್ತೆ ಫೋನು ಹಚ್ಚಿದರು. ಈ ಸಲ ರಾಗ ಮುಗಿಯುವಂತೆಯೇ ಕಾಣಲಿಲ್ಲ. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು, ಯಾರೂ ಎದ್ದು ನಿಲ್ಲಿಸಲಿಲ್ಲ. ಕೊನೆಗೆ ಬೆಳಗಿನ ಹುಡುಗಿಯೇ ಸಿಕ್ಕಳು.

"ಹಿಂದಕ್ಕೆ ಸರಿಸೋಕೆ ಆಗಲ್ಲ ಸರ್. ಮುಂದಕ್ಕೆ ಮಾತ್ರ. ಆ ವಾರ ಬೇಕಂದ್ರೆ ಹೊಸದಾಗಿ ಬುಕ್ ಮಾಡಬೇಕು, ಆದ್ರೆ ಖಾಲಿ ಇಲ್ಲ."

"ಅಮ್ಮಾ, ಅದು ನನ್ನ ಕೈಲೇ ಇತ್ತು. ಹೋದ ವಾರ ಇದೇ ದಿನ ಅದು ಪೂರ್ತಿ ನನ್ನ ಹತ್ರ ಇತ್ತು."

"ಹೌದು ಸರ್, ಇಲ್ಲಿ ಕಾಣಿಸ್ತಿದೆ. ನೀವು ಒಂದೊಂದೇ ದಿನ ಬಿಡ್ತಾ ಬಂದ್ರಿ, ಹಿಂದೇನೇ ಬೇರೆ ಒಬ್ರು ಒಂದೊಂದೇ ದಿನ ತಗೊಳ್ತಾ ಬಂದ್ರು. ಈಗಿರೋ ವಾರನಾದ್ರೂ ಇಟ್ಕೊಳ್ತೀರಾ? ಬೇಡ ಅಂದ್ರೆ ಈಗಲೇ ಬಿಡ್ತೀನಿ, ಕ್ಯೂನಲ್ಲಿ ಜನ ಇದಾರೆ."

ಮೇಷ್ಟ್ರು ತಲೆಯೆತ್ತಿದರು. ಮಗಳು ಅವರನ್ನೇ ನೋಡುತ್ತಿದ್ದಳು. ಬಿಡಬೇಕು ಎಂದು ಅವರಿಗೆ ಗೊತ್ತಿತ್ತು. ಮಗುವೇ ಇಲ್ಲದ ವಾರವನ್ನು ಇಟ್ಟುಕೊಂಡು ಮಾಡುವುದೇನು? ಆದರೆ ಅಷ್ಟು ಬೆಳಿಗ್ಗೆಗಳನ್ನು ಸುರಿದು ಹಿಡಿದ ವಾರ, ಬಿಟ್ಟ ಗಳಿಗೆಯಲ್ಲೇ ಇನ್ನೊಬ್ಬನ ಪಾಲಾಗುವ ವಾರ.

"ಸರ್? ಇದೀರಾ?"

"ಇಟ್ಕೊಳ್ತೀನಮ್ಮ," ಎಂದರು ಮೇಷ್ಟ್ರು.

ಮಗಳು ಎದ್ದು ಒಳಗೆ ಹೋದಳು. ಅವಳು ಬಾಗಿಲು ಮುಂದೆ ಮಾಡಿಕೊಂಡದ್ದು ಎಷ್ಟು ಮೆಲ್ಲಗೆಂದರೆ, ಮೇಷ್ಟ್ರಿಗೆ ಚಿಲಕ ಬಿದ್ದದ್ದಷ್ಟೇ ಕೇಳಿಸಿತು.

"ಎಷ್ಟು ಜನ ಬರ್ತೀರಾ ಅಂತ ಹಾಕ್ಲಿ ಸರ್?" ಎಂದು ಹುಡುಗಿ ಕೇಳಿದಳು. ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು.