ನಾಯಿಯನ್ನು ಬಿಟ್ಟುಬಂದ ಮೇಲೆ

ಗಿರಾಕಿಯ ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, ಕೂದಲಿಗೆ ನೀರು ಚಿಮುಕಿಸಿ, ಅವಳು ಕತ್ತರಿ ಎತ್ತಿಕೊಂಡಿದ್ದಳಷ್ಟೇ. ಆ ಬಿಳಿ ಬಟ್ಟೆಯ ಮೇಲೆ, ಸರಿಯಾಗಿ ಹೆಂಗಸಿನ ಮಡಿಲ ನಡುವೆ, ಕರಿ ಎಳ್ಳಿನಂಥದ್ದೊಂದು ಬಂದು ಕೂತಿತು. ಬೆರಳು ಚಾಚುವಷ್ಟರಲ್ಲಿ ಚಂಗನೆ ನೆಗೆದು ಮಾಯವಾಯಿತು.

"ಏನದು?" ಗಿರಾಕಿ ಕನ್ನಡಿಯಲ್ಲೇ ಅವಳನ್ನು ನೋಡಿ ಕೇಳಿದಳು.

"ಕೂದಲ ಚೂರು ಮೇಡಂ."

"ಕತ್ತರಿ ಹಾಕಿಯೇ ಇಲ್ಲವಲ್ಲ ಇನ್ನೂ!"

ಪಾರ್ಲರಿನ ಒಡತಿ ಅವಳನ್ನು ಟವೆಲ್ ಒಣಗಿಸುವ ಹಿಂದಿನ ಕೋಣೆಗೆ ಕರೆದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ನಿನ್ನ ಕಾಲು ನಾನೂ ನೋಡ್ತಾ ಇದೀನಿ. ಕೆರೆದು ಕೆರೆದು ಗಾಯ ಆಗಿದೆ. ಮನೇಲಿ ಅದೇನಿದೆಯೋ ಪೂರ್ತಿ ಮುಗಿಸ್ಕೊಂಡು ಬಾ. ಅಲ್ಲೀವರೆಗೆ ಬರಬೇಡ," ಎಂದಳು, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಮೆತ್ತಗೆ. ಈ ಪಾರ್ಲರಿನ ಬಾಗಿಲು ತೆರೆದ ದಿನದಿಂದ ಅಲ್ಲಿ ದುಡಿದವಳು ಏಪ್ರನ್ ಬಿಚ್ಚಿ ಮಡಿಸಿಟ್ಟು ಹೊರಗೆ ಬಂದಳು. ಮನೆ ಮುಟ್ಟುವವರೆಗೂ ಕಿವಿ ಬಿಸಿಯಾಗಿಯೇ ಇತ್ತು.

ಗಂಡನಿಗೆ ಹಳೆ ಸೋಫಾ ರಿಪೇರಿ ಮಾಡುವ ಕೆಲಸ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಸ್ಪಂಜಿನ ಹಾಳೆ, ತೆಂಗಿನ ನಾರು, ಸ್ಪ್ರಿಂಗು, ಊರವರ ಮುರುಕು ಸೋಫಾಗಳು. ಮನೆಯಲ್ಲಿ ಪ್ರಾಣಿಗಳು ಎರಡು. ಬಾಲ ತುಂಡಾದ ನಾಯಿಗೆ ಮೋಟ ಎಂದು ಹೆಸರು. ಯಾವ ಸೋಫಾ ಸಿದ್ಧವಾದರೂ ಮೊದಲು ತಾನೇ ಹತ್ತಿ ಕೂರುವ ಬೆಕ್ಕಿಗೆ ಧಣಿ ಎಂದು. ಧಣಿ ಗಂಡನ ಮುದ್ದು. ಮೋಟ ಅವಳ ಹಿಂದೆ ಹಿಂದೆಯೇ ತಿರುಗುವವನು.

ಮಳೆ ನಿಂತ ಹೊಸತರಲ್ಲಿ ಚಿಗಟ ಶುರುವಾಗಿತ್ತು. ಅವಳು ಮೋಟನಿಗೆ ಸೋಪು ಹಚ್ಚಿ ಉಜ್ಜಿದಳು, ನೆಲಕ್ಕೆ ಫಿನಾಯಿಲ್ ಸುರಿದಳು, ಅಂಗಡಿಯವನು ಕೊಟ್ಟ ಪುಡಿಯನ್ನೆಲ್ಲ ಉದುರಿಸಿದಳು. ಒಂದೆರಡು ದಿನ ತಣ್ಣಗಾಗುವುದು, ಮತ್ತೆ ಹಾಜರ್. "ಎಲ್ಲ ಆ ನಾಯಿಯಿಂದಲೇ," ಎಂದು ಗಂಡ ಧಣಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳುತ್ತಿದ್ದ. ಕಳೆದ ವಾರ ಅವಳು ಕೆಲಸದಿಂದ ಬಂದಾಗ ಮೋಟ ಇರಲಿಲ್ಲ. ಗೇಟು ತೆರೆದಿತ್ತಂತೆ, ಓಡಿಹೋದನಂತೆ. ಕತ್ತಲಾಗುವವರೆಗೂ ಗಂಡ ಹೆಂಡತಿ ಇಬ್ಬರೂ ಬೀದಿ ಬೀದಿ ಹುಡುಕಿದ್ದರು.

ಇವತ್ತು ಹೊಸಿಲು ದಾಟಿದ್ದೇ ತಡ, ಚಿಗಟಗಳು ಅವಳ ಕಾಲಿಗೆ ಚಟಪಟ ಎಗರಿದವು. ಅತ್ತೆ ತಮ್ಮ ಮಗನ ಹಳೆ ಕಾಲುಚೀಲಗಳನ್ನು ಮೊಣಕಾಲಿನವರೆಗೆ ಎಳೆದುಕೊಂಡು ಮಂಚದ ಮೇಲೆ ಕೂತಿದ್ದರು.

"ಏನೇ, ಇಷ್ಟು ಬೇಗ ಬಂದೆ?"

"ಕಳಿಸಿಬಿಟ್ರು ಅತ್ತೆ. ಚಿಗಟ ಕಟ್ಕೊಂಡು ಬರಬೇಡ ಅಂತ."

ಅತ್ತೆ ಏನೋ ಹೇಳಲು ಬಾಯಿ ತೆರೆದವರು ಕಾಲುಚೀಲವನ್ನು ಇನ್ನಷ್ಟು ಮೇಲೆಳೆದುಕೊಂಡರು. ಅವಳು ಧಣಿಯನ್ನು ಬುಟ್ಟಿಗೆ ತುರುಕಿ, ಮುಚ್ಚಳ ಕಟ್ಟಿ, ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ನಡೆದಳು.

ಡಾಕ್ಟರಮ್ಮ ಬೆಕ್ಕಿನ ಬೆನ್ನನ್ನು ಸಣ್ಣ ಬಾಚಣಿಗೆಯಿಂದ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿದರು. ಪುಡಿಯ ಸುತ್ತ ಹತ್ತಿ ಕೆಂಪಾಯಿತು.

"ಚಿಗಟದ ಹಿಕ್ಕೆ. ಕುಡಿದ ರಕ್ತಾನೇ ಇದು. ಈ ಬೆಕ್ಕಿನ ಮೈತುಂಬ ಇವೆ. ಮನೇಲಿ ನಾಯಿ ಇದೆಯಾ?"

"ಇತ್ತು. ಹೋದ ವಾರ ಓಡಿಹೋಯ್ತು. ಅದು ಹೋದ ಮೇಲೆ ಕಮ್ಮಿ ಆಗಬೇಕಿತ್ತಲ್ವಾ? ಜಾಸ್ತಿ ಆಗಿದೆ."

"ಆಗದೆ ಇನ್ನೇನು? ನಾಯಿ ಇದ್ದಾಗ ಅದನ್ನ ಕಚ್ತಿದ್ವು, ಈಗ ನಿಮ್ಮನ್ನ ಕಚ್ತವೆ. ಪ್ರಾಣಿ ಮೈಮೇಲೆ ಕಾಣೋದು ಸ್ವಲ್ಪ ಅಷ್ಟೇನಮ್ಮ. ಮೊಟ್ಟೆ, ಹುಳ, ಗೂಡು ಎಲ್ಲ ನೆಲದ ಸಂದಿಯಲ್ಲಿ, ಹಾಸಿಗೆಯಲ್ಲಿ, ಸೋಫಾದಲ್ಲಿ ಇರ್ತವೆ. ನಾಯಿ ಬೆಕ್ಕು ಎರಡಕ್ಕೂ ಒಟ್ಟಿಗೇ ಔಷಧಿ ಹಾಕಿ, ಮನೆಯನ್ನೂ ತೊಳೆದ್ರೆ ಮಾತ್ರ ಹೋಗ್ತವೆ. ಔಷಧಿ ಹಾಕಿದ ನಾಯಿ ಮನೇಲಿ ಓಡಾಡ್ತಿದ್ರೆ ಅದನ್ನ ಕಚ್ಚಿದ ಚಿಗಟ ಸಾಯುತ್ತೆ. ಸಿಕ್ಕಿದ್ರೆ ಕರ್ಕೊಂಡು ಬನ್ನಿ."

ಮನೆಗೆ ಬಂದು ಇದನ್ನೆಲ್ಲ ಅತ್ತೆಗೆ ಹೇಳಿದಳು. ಹೇಳುತ್ತಾ ಹೇಳುತ್ತಾ ಮೋಟನ ಖಾಲಿ ತಟ್ಟೆಯನ್ನು ಒರೆಸುತ್ತಾ ಕೂತಳು. ಅತ್ತೆಗೆ ತಡೆಯಲಾಗಲಿಲ್ಲ.

"ಅದು ಓಡಿಹೋಗಿಲ್ಲ ಕಣೇ. ಇವನೇ ಗಾಡೀಲಿ ಹಾಕ್ಕೊಂಡು ಹೋಗಿ ಮರದ ಡಿಪೋದಲ್ಲಿ ಬಿಟ್ಟುಬಂದ. ಬಾಯಿ ಬಿಟ್ರೆ ನೋಡು ಅಂದಿದ್ದ. ನನ್ನ ಹೊಟ್ಟೇಲಿ ಹುಟ್ಟಿದ್ದು ಇದು, ನೋಡು!"

ಅವಳು ಎದ್ದು ಮುಂದಿನ ಕೋಣೆಗೆ ಹೋದಳು. ಗಂಡ ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿ ಹಿಡಿದು, ಒಂದೊಂದನ್ನೇ ತೆಗೆದು ಸೋಫಾದ ಅಂಚಿಗೆ ಹೊಡೆಯುತ್ತಿದ್ದ.

"ಮೊಳೆ ಉಗಿ."

ಅವನು ಹುಬ್ಬೇರಿಸಿದ.

"ಉಗಿ ಅಂದೆ. ಮಾತಾಡೋಕೆ ಬಾಯಿ ಬೇಕು ನಿಂಗೆ."

ಮದುವೆಯಾದಾಗಿನಿಂದ 'ರೀ', 'ನೀವು' ಎಂದವಳ ಬಾಯಲ್ಲಿ 'ನಿಂಗೆ' ಕೇಳಿ ಅವನು ಮೊಳೆಗಳನ್ನು ಅಂಗೈಗೆ ಉಗಿದುಕೊಂಡ.

"ಅಮ್ಮ ಹೇಳಿದ್ಳಾ? ನೋಡು, ಅದು ಒಳ್ಳೇ ಜಾಗ. ಊಟ ಹಾಕ್ತಾರೆ..."

"ನಾನು ಬೀದಿ ಬೀದಿ ಹುಚ್ಚಿಯ ಹಾಗೆ ಕೂಗ್ತಾ ತಿರುಗಿದೆ. ನೀನು ನನ್ನ ಜೊತೆ ಬಂದೆ. ನಾನು ಕೂಗಿದ್ರೆ ನೀನೂ ಕೂಗಿದೆ, ಮೋಟಾ ಮೋಟಾ ಅಂತ! ಮೋರಿ ಒಳಗೆ ಬಗ್ಗಿ ಬೇರೆ ನೋಡಿದೆ. ಎಲ್ಲಿದೆ ಅಂತ ಗೊತ್ತಿದ್ದೂ ಮೋರಿ ನೋಡಿದೆಯಲ್ಲ, ಏನು ಮನುಷ್ಯ ನೀನು?"

"ನಿನ್ನ ಕಾಲು ನೋಡೋಕಾಗ್ಲಿಲ್ಲ, ಅದಕ್ಕೇ..."

"ನನ್ನ ಕಾಲಿನ ಮೇಲೆ ಹಾಕಬೇಡ! ಹೇಳೋಕೆ ಧೈರ್ಯ ಇರಲಿಲ್ಲ ಅನ್ನು. ಬೆಕ್ಕಿನ ಮೈತುಂಬ ಇವೆಯಂತೆ. ಅದನ್ನ ಯಾಕೆ ಬಿಟ್ಟುಬರಲಿಲ್ಲ?"

ಸೋಫಾದಲ್ಲೂ ಇರುತ್ತವೆ ಎಂದು ಡಾಕ್ಟರಮ್ಮ ಹೇಳಿದ್ದು ಅವಳಿಗೆ ನೆನಪಾಯಿತು. ಮೂಲೆಯಲ್ಲಿ ಧಣಿ ದಿನಾ ಮಲಗುವ ಹಸಿರು ಸೋಫಾವನ್ನು ಒಬ್ಬಳೇ ಮಗುಚಿ ಹಾಕಿದಳು. ಅವನ ಕತ್ತರಿಯನ್ನೇ ಎತ್ತಿಕೊಂಡು ಅಡಿಯ ಬಟ್ಟೆಯನ್ನು ಉದ್ದಕ್ಕೆ ಸೀಳಿದಳು. ಬೆಕ್ಕಿನ ಕೂದಲ ಮುದ್ದೆ, ಕರಿ ಪುಡಿ, ಅದರ ನಡುವೆ ದಾರದ ತುಂಡಿನಂಥ ಬಿಳಿ ಹುಳಗಳು. ಅವಳ ಕೈಮೇಲೆಯೇ ಹತ್ತಾರು ಚಿಗಟ ಹತ್ತಿದವು.

"ಇದು ಯಾವಾಗ ಬಂತು?"

"ಮಳೆ ನಿಂತಾಗ." ಅವನೇ ಮುಂದುವರಿಸಿದ, "ಗಿರಾಕಿ ಮನೇಲಿ ಅದರೊಳಗೆ ಬೆಕ್ಕು ಮರಿ ಹಾಕಿತ್ತಂತೆ. ಬಿಸಿಲಿಗೆ ಇಟ್ಟು ಒಳಗೆ ತಗೊಳ್ಳಿ ಅಂದಿದ್ರು ಅವರು. ನಾನು... ಇಡಲಿಲ್ಲ."

ಅವಳು ಕತ್ತರಿಯನ್ನು ನೆಲಕ್ಕೆಸೆದಳು. "ಗಾಡಿ ತೆಗಿ," ಎಂದಳು ಅಷ್ಟೇ.

ಸಾಮಾನು ಸಾಗಿಸುವ ಗಾಡಿಯಲ್ಲಿ ಇಬ್ಬರೂ ಹೊರಟರು. ಡಿಪೋದಲ್ಲಿ ಗರಗಸದ ಯಂತ್ರದ ಪಕ್ಕ, ಗಿಡ್ಡ ಸರಪಳಿಯಲ್ಲಿ, ಮರದ ಹೊಟ್ಟಿನ ಮೇಲೆ ಮೋಟ ಬಿದ್ದುಕೊಂಡಿದ್ದ. ಬೆನ್ನಿನ ಕೂದಲು ಅಂಗೈಯಗಲ ಉದುರಿ ಚರ್ಮ ಕೆಂಪಾಗಿತ್ತು.

"ಕರ್ಕೊಂಡು ಹೋಗಿ ತಾಯಿ," ಎಂದ ಕಾವಲುಗಾರ. "ಕಳ್ಳ ಬಂದ್ರೂ ಬಾಲ ಅಲ್ಲಾಡಿಸ್ತಾನೆ ಇವನು. ಅದೂ ಇಲ್ಲದ ಬಾಲಾನ!"

ಮೋಟ ಎದ್ದು ಸರಪಳಿ ಬಿಗಿಯುವವರೆಗೆ ಎಳೆದುಕೊಂಡು ಬಂದ. ಹಿಂಭಾಗವನ್ನೆಲ್ಲ ಕುಣಿಸುತ್ತಾ ಮೊದಲು ಹಾರಿದ್ದು ಗಂಡನ ಮೇಲೆ. ಗಂಡ ಕುಕ್ಕರುಗಾಲಲ್ಲಿ ಕೂತಾಗ ಅವನ ಕೈ ನೆಕ್ಕಿದ, ಗಲ್ಲ ನೆಕ್ಕಿದ. ಗಂಡ ಕೂತಲ್ಲೇ ಮುಖ ಆ ಕಡೆ ತಿರುಗಿಸಿಕೊಂಡ. ಅವನ ಕಣ್ಣು ಒದ್ದೆಯಾದದ್ದು ಅವಳಿಗೆ ಕಂಡಿತು. ಕಂಡು ಇನ್ನಷ್ಟು ಉರಿಯಿತು. ಒಂದು ಗಳಿಗೆ ಮೋಟನ ಮೇಲೂ ಉರಿಯಿತು.

ಡಾಕ್ಟರಮ್ಮ ಮೋಟನ ಗಾಯಕ್ಕೆ ಮದ್ದು ಕೊಟ್ಟು, ನಾಯಿಗೆ ನಾಯಿಯದು, ಬೆಕ್ಕಿಗೆ ಬೆಕ್ಕಿನದು ಎಂದು ಬೇರೆ ಬೇರೆ ಔಷಧಿ ಕೊಟ್ಟರು. ನಾಯಿಯದನ್ನು ಬೆಕ್ಕಿಗೆ ಹಾಕಿದರೆ ಅದು ಸತ್ತೇ ಹೋಗುತ್ತದೆ ಎಂದು ಎರಡೆರಡು ಸಲ ಹೇಳಿದರು. ಎರಡಕ್ಕೂ ಒಂದೇ ದಿನ ಕತ್ತಿನ ಹಿಂದೆ ಹನಿ ಬಿತ್ತು. ಹಸಿರು ಸೋಫಾದ ಹೊಟ್ಟೆಯಲ್ಲಿದ್ದುದನ್ನೆಲ್ಲ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಹೊರಗೆ ಹಾಕಿದ್ದಾಯಿತು. ಉಳಿದ ಸೋಫಾಗಳು ಅಂಗಳದ ಬಿಸಿಲಿಗೆ ಬಂದವು. ಹಾಸಿಗೆ ಬಟ್ಟೆ, ಪರದೆ, ಅತ್ತೆಯ ಕಾಲುಚೀಲ, ಎಲ್ಲ ಕುದಿಯುವ ನೀರಿಗೆ. ಮೊಟ್ಟೆ ಬೆಳೆಯದಂತೆ ಮಾಡುವ ದ್ರಾವಣವನ್ನು ನೆಲಕ್ಕೆ ಹೊಡೆದ ದಿನ, ಅದು ಒಣಗುವವರೆಗೆ ಅತ್ತೆ, ಮೋಟ, ಧಣಿ ಮೂವರೂ ಅಂಗಳದಲ್ಲಿ ಸೋಫಾಗಳ ಮೇಲೆ ಒಡೆಯರ ಹಾಗೆ ಕೂತಿದ್ದರು.

ದಿನಾ ಮನೆಯ ಮೂಲೆ ಮೂಲೆಗೆ ವ್ಯಾಕ್ಯೂಮ್ ಹಿಡಿಯುವ ಕೆಲಸ ಗಂಡನದು. ಅಷ್ಟು ಮಾಡಿದರೂ ಮೊದಲ ವಾರ ಚಿಗಟ ಹೆಚ್ಚೇ ಆದವು.

"ನೋಡು, ಏನೂ ಪ್ರಯೋಜನ ಇಲ್ಲ. ಸುಮ್ಮನೆ ಸೊಂಟ ಮುರ್ಕೊಳ್ತಾ ಇದೀನಿ," ಎಂದು ಅವನು ಪೈಪು ಕೆಳಗಿಟ್ಟ.

"ಗೂಡು ಒಡ್ಕೊಂಡು ಹೊರಗೆ ಬರ್ತವೆ, ಬಂದ್ಮೇಲೇ ಸಾಯ್ತವೆ ಅಂತ ಡಾಕ್ಟರಮ್ಮ ಹೇಳಿದಾರೆ. ಹಿಡಿ ಪೈಪು. ಬೀರು ಕೆಳಗೆ ನಿನ್ನೆ ಬಿಟ್ಟಿದ್ದೀಯ."

"ಬಿಟ್ಟಿಲ್ಲ."

"ಸುಳ್ಳು ಹೇಳ್ಬೇಡ. ನಿನ್ನ ಬಾಯಿಂದ ಸುಳ್ಳು ಕೇಳೋ ಶಕ್ತಿ ಇಲ್ಲ ನನಗೆ."

ಅವನು ಮಂಡಿಯೂರಿ ಬೀರುವಿನ ಕೆಳಗೆ ಪೈಪು ತೂರಿಸಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ, "ಆ ಕಾಲಿನ ಸಂದಿ, ಆ ಕಾಲಿನ ಸಂದಿ," ಎಂದು ದಾರಿ ತೋರಿಸಿದರು. ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಬಿಳಿ ಕಾಲುಚೀಲ ಹಾಕಿಕೊಂಡು ಕೋಣೆ ಕೋಣೆ ತಿರುಗಿದಳು. ಒಂದೂ ಹತ್ತಲಿಲ್ಲ. ನಂಬಿಕೆ ಬರದೆ ಇನ್ನೂ ಕೆಲವು ದಿನ ಹಾಗೆಯೇ ತಿರುಗಿದಳು. ಆಮೇಲೆ ಪಾರ್ಲರಿಗೆ ಹೋದಳು. ಒಡತಿ ಮೊದಲು ಅವಳ ಕಾಲು ನೋಡಿ, ಆಮೇಲೆ ಮುಖ ನೋಡಿ, "ಒಳಗೆ ಬಾ" ಎಂದಳು.

ಮೋಟನ ಬೆನ್ನಿನ ಮೇಲೆ ಹೊಸ ಕೂದಲು ಹುಟ್ಟುತ್ತಿತ್ತು. ಔಷಧಿಯ ಮುಂದಿನ ಹನಿ ಹಾಕಿಸಬೇಕಾದ ದಿನ ಅವಳು ಹಗ್ಗ ತೆಗೆದುಕೊಳ್ಳುವುದನ್ನು ಕಂಡು ಗಂಡ ಕೈ ಒರೆಸಿಕೊಂಡು ಎದ್ದ.

"ಅಷ್ಟು ದೂರ ಯಾಕೆ ನಡೀತೀಯ? ನಾನೇ ಕರ್ಕೊಂಡು ಹೋಗ್ತೀನಿ, ಗಾಡಿ ಇದೆಯಲ್ಲ."

ಗಾಡಿ ಎಂದದ್ದೇ ತಡ ಮೋಟನ ಕಿವಿ ನಿಮಿರಿತು. ಅವಳು ನಾಯಿಯ ಕೊರಳಪಟ್ಟಿ ಹಿಡಿದುಕೊಂಡಳು.

"ಬೇಡ."

"ಇನ್ನೂ ಎಷ್ಟು ದಿನ ಹೀಗೆ? ತಪ್ಪಾಯ್ತು ಅಂದೆನಲ್ಲ."

"ಅವನು ನಿನ್ನ ಗಾಡಿ ಹತ್ತಲ್ಲ ಅಂತ ಹಟ ಮಾಡಿದ್ರೆ ನನಗೆ ಸಮಾಧಾನ ಇರ್ತಿತ್ತು," ಎಂದಳು ಅವಳು. "ಕರೆದ್ರೆ ಈಗ್ಲೂ ಹತ್ತಿಬಿಡ್ತಾನೆ."

ಹಗ್ಗ ಸಿಕ್ಕಿಸಿ, ಗೇಟು ತೆರೆದು, ನಾಯಿಯನ್ನು ನಡೆಸಿಕೊಂಡೇ ಹೊರಟಳು.