ಬಾಗಿಲಿಗೆ ಹಿಡಿಸದ ಕೊಪ್ಪರಿಗೆ

ಯುದ್ಧ ಮುಗಿದ ವರ್ಷ, ನಂದಗುಡಿ ಕಡೆಯ ಒಂದು ಊರಿನಲ್ಲಿ ಅಪ್ಪಯ್ಯಣ್ಣನೂ ಅವನ ತಮ್ಮ ಪಿಳ್ಳಪ್ಪನೂ ಪಾಲಾದರು. ಒಂಬತ್ತು ಅಂಕಣದ ಮನೆ ತಮ್ಮನಿಗೆ, ಕೆರೆ ಕೆಳಗಿನ ಗದ್ದೆ ಅಣ್ಣನಿಗೆ ಎಂದು ಪಂಚಾಯಿತಿಯಲ್ಲಿ ತೀರ್ಮಾನವಾಯಿತು. ಗದ್ದೆ ಹೊಡೆದುಕೊಂಡೆನೆಂದು ಮೀಸೆ ತಿರುವುತ್ತಾ ಬಂದ ಅಪ್ಪಯ್ಯಣ್ಣನಿಗೆ, ಗದ್ದೆಯಲ್ಲಿ ಚಾಪೆ ಹಾಸಿ ಮಲಗಲಾಗುವುದಿಲ್ಲ ಎಂಬುದು ಹೊಳೆದದ್ದು ಮಾರನೆಯ ದಿನ. ಅವನ ಪಾಲಿಗೆ ಉಳಿದಿದ್ದ ಸೂರೆಂದರೆ ಹುಲ್ಲಿನ ಬಣವೆ ಪಕ್ಕದ ಎರಡಂಕಣದ ಮನೆ. ಅಲ್ಲಿಯವರೆಗೆ ಅದರಲ್ಲಿ ನೇಗಿಲು, ನೊಗ ಮತ್ತು ಕೋಳಿಗಳು ಸಂಸಾರ ಮಾಡಿಕೊಂಡಿದ್ದವು.

ಇವರಿಬ್ಬರ ಹಿರಿಯಣ್ಣ ಸತ್ತು ಹನ್ನೊಂದು ವರ್ಷವಾಗಿತ್ತು. ಮಕ್ಕಳಿಲ್ಲದ ಅವನ ಹೆಂಡತಿ ಲಕ್ಷ್ಮೀದೇವಮ್ಮ ಯಾರ ಪಾಲಿಗೆ ಎಂಬ ಮಾತೂ ಅಂದು ಎದ್ದಿತ್ತು. ಗದ್ದೆ ಅಳೆಯುವಾಗ ಇದ್ದ ಉತ್ಸಾಹ ಆಗ ಮೈದುನರಿಬ್ಬರಲ್ಲೂ ಕಾಣಲಿಲ್ಲ. ಕೊನೆಗೆ ಪಂಚರು, ಎತ್ತಿನ ಗಾಡಿ ಯಾರಿಗೋ ಅತ್ತಿಗೆಯೂ ಅವರಿಗೇ ಎಂದರು. ಗಾಡಿಯ ಆಸೆಗೆ ಅಪ್ಪಯ್ಯಣ್ಣ ಒಪ್ಪಿಕೊಂಡ. ಗಾಡಿಯ ಅಚ್ಚು ಮುರಿದಿದೆ ಎಂದು ಲಕ್ಷ್ಮೀದೇವಮ್ಮನಿಗೆ ಗೊತ್ತಿತ್ತು, ಆದರೆ ಅವಳನ್ನು ಯಾರೂ ಕೇಳಲಿಲ್ಲ.

"ಚಿಕ್ಕ ಮನೆ. ಬೇಕಾದ್ದು ಮಾತ್ರ ತಗೊಂಡೋಗಾನ, ಬ್ಯಾಡದ್ದು ಬಿಟ್ಬಿಡಾನ," ಎಂದು ಅಪ್ಪಯ್ಯಣ್ಣ ಜಗಲಿಯ ಮೇಲೆ ಕೂತು ಅಪ್ಪಣೆ ಕೊಟ್ಟ. ಬೇಕಾದ್ದು ಯಾವುದು ಎಂದು ತೀರ್ಮಾನಿಸುವ ಕಷ್ಟವನ್ನೂ ಪಾಪ, ತಾನೇ ವಹಿಸಿಕೊಂಡ. ಎಂದೋ ಸತ್ತ ಕುದುರೆಯ ಜೀನು ಬೇಕಾಯಿತು. ಗುಂಡು ಹಾರದ ಬಂದೂಕು ಬೇಕಾಯಿತು. ಅವರಪ್ಪ ಸೋತ ಮೊಕದ್ದಮೆಯ ಕಾಗದ ಒಂದು ಪೆಟ್ಟಿಗೆ ತುಂಬ, ಯಾವ ಕಾಲದಲ್ಲೋ ಅಮಲ್ದಾರರು ಕೂತಿದ್ದರೆಂಬ ಮೂರು ಕಾಲಿನ ಕುರ್ಚಿ, ಇವಿಲ್ಲದೆ ಸಂಸಾರ ನಡೆಯುವುದುಂಟೆ? ಅವನ ಹೆಂಡತಿ ಸೊಣ್ಣಮ್ಮನ ಉಪ್ಪಿನಕಾಯಿ ಜಾಡಿಗಳು, ಕೌದಿಗಳು, ಬೀಸುಕಲ್ಲು ಎಲ್ಲವೂ ಬೇಡದ್ದರ ಸಾಲಿಗೆ ಬಿದ್ದವು. ಆ ಸಾಲಿನ ತುದಿಯಲ್ಲಿ ಲಕ್ಷ್ಮೀದೇವಮ್ಮನ ಕೊಪ್ಪರಿಗೆ ನಿಂತಿತು.

ಅದು ಅವಳ ಮದುವೆಯಲ್ಲಿ ತವರಿನವರು ಮಧುರೆಯಿಂದ ಗಾಡಿಯ ಮೇಲೆ ಕಳಿಸಿದ್ದ ತಾಮ್ರದ ಕೊಪ್ಪರಿಗೆ. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಅವಳ ಹೆಸರಿತ್ತು. ಊರಲ್ಲಿ ಯಾರ ಮನೆ ಮದುವೆಯಾದರೂ ಪಾಯಸ ಕಾಯುವುದು ಅದರಲ್ಲೇ. ಪಾತ್ರೆ ಕೇಳುವವರು ಎಲೆ ಅಡಿಕೆ ಹಿಡಿದು ಬಂದು, ಪಾತ್ರೆಯ ಒಡತಿಗೆ ಮೊದಲು ಮದುವೆ ಹೇಳಬೇಕು. ಹಿಂದಕ್ಕೆ ತರುವಾಗ ಬರಿದಾಗಿ ತರಬಾರದು, ತಳದಲ್ಲಿ ಒಂದಿಷ್ಟು ಪಾಯಸ ಉಳಿಸಿ ತರಬೇಕು. ಗಂಡ ಸತ್ತವಳನ್ನು ಮದುವೆಗೆ ಯಾರು ಕರೆಯುತ್ತಾರೆ? ಆದರೆ ಕೊಪ್ಪರಿಗೆಯ ದೆಸೆಯಿಂದ ಹನ್ನೊಂದು ವರ್ಷವೂ ಅವಳ ಮುಂದೆ ಎಲೆ ಅಡಿಕೆ ಬಂದಿತ್ತು. ಅವಳು ಹೋಗುತ್ತಿರಲಿಲ್ಲ, ಹೋಗುವುದಿಲ್ಲ ಎಂದು ಕರೆದವರಿಗೂ ಗೊತ್ತಿತ್ತು. ಮೂರನೆಯ ದಿನ ಕೆನೆಗಟ್ಟಿ ತಣ್ಣಗಾದ ಪಾಯಸ ಬರುತ್ತಿತ್ತು. ಅದನ್ನು ತಿನ್ನುವಾಗ ತಾನೂ ಈ ಊರಿನವಳು ಅನ್ನಿಸುತ್ತಿತ್ತು ಅವಳಿಗೆ.

ಅದನ್ನು ಬಿಟ್ಟು ಬರಲು ಲಕ್ಷ್ಮೀದೇವಮ್ಮ ಒಪ್ಪಲಿಲ್ಲ. ನಾಲ್ಕು ಜನ ಕೊಪ್ಪರಿಗೆಯನ್ನು ಬೀದಿಯಲ್ಲಿ ಉರುಳಿಸಿಕೊಂಡು ಹೊಸ ಮನೆಗೆ ತಂದರು. ಬಾಗಿಲು ಗೇಣುದ್ದ ಕಿರಿದಾಯಿತು. ಅಡ್ಡ ಮಾಡಿದರು, ಓರೆ ಮಾಡಿದರು, ಒಳಗಿನ ಕೋಳಿ ಹೊರಗೆ ಬಂತೇ ಹೊರತು ಹೊರಗಿನ ಕೊಪ್ಪರಿಗೆ ಒಳಗೆ ಹೋಗಲಿಲ್ಲ. ಹೊರಗಿಡುವಂತಿಲ್ಲ, ತಾಮ್ರಕ್ಕೆ ಬೆಲೆ ಏರಿದ್ದ ಕಾಲ, ಬೆಳಗಾಗುವುದರೊಳಗೆ ಮಾಯವಾಗುತ್ತಿತ್ತು.

ಅಪ್ಪಯ್ಯಣ್ಣನಿಗೆ ಭಕ್ತಿ ಉಕ್ಕಿತು. "ದೇವಸ್ಥಾನಕ್ಕೆ ಕೊಟ್ಬಿಡಾನ, ಅತ್ತಿಗಮ್ಮ. ಆ ಹೆಸರು ಉಜ್ಜಿಸಿ ಅಪ್ಪಯ್ಯಣ್ಣನವರ ಸೇವೆ ಅಂತ ಕೆತ್ತಿಸ್ತೀನಿ. ಪುಣ್ಯ ಬತ್ತದೆ."

"ಯಾರಿಗಪ್ಪಾ?" ಎಂದಳು ಲಕ್ಷ್ಮೀದೇವಮ್ಮ.

ದೇವಸ್ಥಾನದ ಯಜಮಾನಿಕೆ ಅಪ್ಪಯ್ಯಣ್ಣನದೇ. ಇನ್ನು ಮೇಲೆ ಎಲೆ ಅಡಿಕೆ ಯಾರ ಮುಂದೆ ಬರುತ್ತದೆಂದು ಅವಳಿಗೆ ತಕ್ಷಣ ತಿಳಿಯಿತು. ಅತ್ತೆಯ ದುಡ್ಡು ಅಳಿಯನ ದಾನ ಎಂದು ಮನಸ್ಸಿನಲ್ಲೇ ಬೈದುಕೊಂಡಳು.

ಅಷ್ಟರಲ್ಲಿ ಮೇಲಿನ ಬೀದಿಯ ಮುನಿಶಾಮಪ್ಪ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದ. ಬರುವ ಸೋಮವಾರ ಅವನ ಮಗಳ ಮದುವೆ. ಬೀದಿಯಲ್ಲೇ ಕೊಪ್ಪರಿಗೆ ಕಂಡು, ತಟ್ಟೆಯನ್ನು ಯಾರ ಮುಂದೆ ಹಿಡಿಯುವುದೆಂದು ತಿಳಿಯದೆ ನಿಂತ. ಅಪ್ಪಯ್ಯಣ್ಣ ಕೈ ಚಾಚಿಯೂ ಆಗಿತ್ತು.

ಲಕ್ಷ್ಮೀದೇವಮ್ಮ ಮುಂದೆ ಬಂದು ತಟ್ಟೆ ತೆಗೆದುಕೊಂಡಳು. "ಕೊಪ್ಪರಿಗೆ ಈಗ್ಲೇ ತಗೊಂಡೋಗು, ಮುನಿಶಾಮಪ್ಪ. ವಾಪಸ್ ತರಬ್ಯಾಡ. ಮದುವೆ ಆದ್ಮೇಲೆ ನಿಮ್ಮನೇಲೇ ಇರ್ಲಿ, ಮುಂದಿನ ಮದುವೆಯೋರು ಅಲ್ಲಿಂದಲೇ ಒಯ್ಲಿ. ಎಲ್ಲಿ ಇದ್ರೂ ಕೇಳೋದು ಮಾತ್ರ ನನ್ನೇ ಕೇಳ್ಬೇಕು."

"ಇದ್ಯಾವ ಪದ್ಧತಿ?" ಅಪ್ಪಯ್ಯಣ್ಣ ಗುಡುಗಿದ.

"ನೀನೇ ಹೇಳ್ದೆಯಲ್ಲಪ್ಪಾ, ಚಿಕ್ಕ ಮನೆ ಅಂತ. ನಮ್ಮನೆ ಜಾಗ ತುಂಬಿಸ್ದೆ ಇದ್ರೆ ಆಯ್ತಲ್ಲ."

ಮುನಿಶಾಮಪ್ಪ ಅಂಚಿನ ಹೆಸರನ್ನು ಬೆರಳಿನಿಂದ ಸವರಿ, "ಪಾತ್ರೆ ಅಮ್ಮನದು, ಮಾತೂ ಅಮ್ಮನದೇ," ಎಂದ. ಕೊಪ್ಪರಿಗೆ ಉರುಳಿಕೊಂಡು ಅವನ ಮನೆಗೆ ಹೋಯಿತು.

ಸೋಮವಾರ ಓಲಗ ಕೇಳಿಸಿತು. ಅಪ್ಪಯ್ಯಣ್ಣ ರುಮಾಲು ಸುತ್ತಿಕೊಂಡು ಸೊಣ್ಣಮ್ಮನೊಡನೆ ಊಟಕ್ಕೆ ಹೋದ. ಒಳಗೆ ಕಾಲಿಡಲೂ ಜಾಗವಿಲ್ಲದೆ ಜೀನಿಗೂ ಕುರ್ಚಿಗೂ ನಡುವೆ ಮುದುರಿ ಕೂತ ಲಕ್ಷ್ಮೀದೇವಮ್ಮನಿಗೆ ಆಗ ಹೊಳೆಯಿತು. ಕೊಪ್ಪರಿಗೆ ಹಿಂದಿರುಗದಿದ್ದರೆ ತಳದ ಪಾಯಸ ಎಲ್ಲಿಂದ ಬರಬೇಕು? ಜಾಣತನ ಮಾಡಲು ಹೋಗಿ ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡಿದ್ದಳು. ಅವಳಿಗೆ ಅಳು ಬಂತು. ಒಂದು ಲೋಟ ಪಾಯಸಕ್ಕೆ ಅಳುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು, ಆದರೂ ಅತ್ತಳು.

ಬಾಗಿಲಲ್ಲಿ ಯಾರೋ ಕೂಗಿದರು. ಮುನಿಶಾಮಪ್ಪನ ಹೆಂಡತಿ ಕದಿರಮ್ಮ, ಮದುಮಗಳ ತಾಯಿ, ಸೆರಗು ಸಿಕ್ಕಿಸಿಕೊಂಡು ಏದುಸಿರು ಬಿಡುತ್ತಿದ್ದಳು.

"ಏಳಿ ಅಮ್ಮಾ. ಕೊಪ್ಪರಿಗೆ ಬರಿದು ಮಾಡಂಗಿಲ್ಲ, ನಿಮ್ಮ ಪಾಲು ತಳದಲ್ಲೇ ಐತೆ. ಪಾತ್ರೆ ಇಲ್ಲಿಗೆ ಬರಂಗಿಲ್ಲ ಅಂದ್ಮೇಲೆ ನೀವೇ ಅಲ್ಲಿಗೆ ಬರ್ಬೇಕು."

"ಮದುವೆ ಮನೆಗೆ ನಾನು ಬರೋದಾ? ನಾಕು ಜನ ಏನಂದಾರು?"

"ಮದುವೆಗೆ ಯಾರು ಕರೆದ್ರು? ನಿಮ್ಮ ಪಾತ್ರೆ ತಾವಕ್ಕೆ ಕರೀತಾ ಇವ್ನಿ. ಅನ್ನೋರಿಗೆ ಹಂಗೇ ಹೇಳ್ತೀನಿ. ಬನ್ನಿ, ಎಲೆ ಹಾಕ್ಸಿ ಬಂದಿವ್ನಿ."

ಲಕ್ಷ್ಮೀದೇವಮ್ಮ ಎದ್ದಳು. ದಾರಿಗೆ ಅಡ್ಡವಾಗಿದ್ದ ಅಮಲ್ದಾರರ ಕುರ್ಚಿಯನ್ನು ಎತ್ತಿ ಬಣವೆ ಕಡೆ ಎಸೆದಳು. ಪಂಕ್ತಿಯಲ್ಲಿ ಅಪ್ಪಯ್ಯಣ್ಣ ಅವಳನ್ನು ಕಂಡು ಕೈಯಲ್ಲಿದ್ದ ತುತ್ತು ಮರೆತ. ಅವಳು ಅವನೆದುರಿನ ಎಲೆಗೇ ಕೂತಳು. ಕದಿರಮ್ಮ ಸೌಟಿನಲ್ಲಿ ತಂದು ಬಡಿಸಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಲಕ್ಷ್ಮೀದೇವಮ್ಮ ಪಾಯಸವನ್ನು ಊದಿಕೊಂಡು ತಿಂದಳು.