ಎರಡು ಹದಿನೈದರ ದಾಖಲೆ

ಶೀತಲಗೃಹದ ಬಾಗಿಲುಗಳಿಗೆ ಗಂಟೆ ಮತ್ತು ದಾಖಲೆ ಯಂತ್ರ ಮಾಡುವ ಆ ಪುಟ್ಟ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಆಳು ಸಣ್ಣ, ಕೂತಲ್ಲಿ ಕೂರುವವಳಲ್ಲ, ಹೆಸರು ಅಂಟಿಕೊಂಡುಬಿಟ್ಟಿತ್ತು. ಯಂತ್ರದೊಳಗಿನ ಚಿಪ್ಪಿಗೆ ಪ್ರೋಗ್ರಾಂ ಬರೆಯುವ ಕೆಲಸ ಹತ್ತು ವರ್ಷದಿಂದ ಅವಳೊಬ್ಬಳದೇ.

ಆ ವರ್ಷ ಹಳೆಯ ಮೈಕ್ರೋಕಂಟ್ರೋಲರ್ ಚಿಪ್ಪು ಪೇಟೆಯಲ್ಲಿ ಸಿಗದಂತಾಯಿತು. ಬೇರೆ ಚಿಪ್ಪು ತರಿಸಿದರು. ಮೊದಲಿಗೆ ಫೈಲ್ ಸಿಸ್ಟಮ್ ಲೈಬ್ರರಿ ಎಂಬ ಪ್ರೋಗ್ರಾಂ ಭಾಗವನ್ನು ಹೊಸದಾಗಿ ಕಂಪೈಲ್ ಮಾಡಿ ಆ ಚಿಪ್ಪಿಗೆ ಅರ್ಥವಾಗುವ ರೂಪಕ್ಕೆ ತರಬೇಕಿತ್ತು. ಬಾಗಿಲು ಯಾವಾಗ ತೆರೆಯಿತು, ಗಂಟೆ ಯಾವಾಗ ಹೊಡೆಯಿತು ಎಂಬುದನ್ನೆಲ್ಲ ಯಂತ್ರದ ಮೆಮೊರಿಯಲ್ಲಿ ಬರೆದಿಡುವುದು, ಕೇಳಿದಾಗ ತೆಗೆದುಕೊಡುವುದು ಆ ಲೈಬ್ರರಿಯ ಕೆಲಸ. ಮೂರು ದಿನ ಗುಬ್ಬಿ ಪರದೆಯ ಮುಂದೆ ಗುದ್ದಾಡಿದಳು. ಒಂದು ತಪ್ಪು ತಿದ್ದಿದರೆ ಇನ್ನೆರಡು ತಲೆ ಎತ್ತುತ್ತಿದ್ದವು. ನಾಲ್ಕನೆಯ ದಿನ ಬೆಳಿಗ್ಗೆ ಲೈಬ್ರರಿ ಹೇಗೆ ನಡೆಯಬೇಕೆಂಬ ಅಳತೆಗಳನ್ನು ಬರೆದಿಟ್ಟ ಫೈಲನ್ನು ತೆರೆದು ಮೇಲಿನಿಂದ ಕೆಳಗೆ ಓದುತ್ತ ಬಂದವಳು ಒಂದು ಸಾಲಿನ ಹತ್ತಿರ ನಿಂತಳು.

ಎಂಟು ದಾಖಲೆ ಸೇರಿದ ಮೇಲೆ ಒಮ್ಮೆ ಖಾಯಂ ಮಾಡು ಎಂದಿತ್ತು ಆ ಸಾಲು. ಪಕ್ಕದಲ್ಲಿ ಅವಳದೇ ಗುರುತು, ಒಂಬತ್ತು ವರ್ಷದ ಹಿಂದಿನ ತಾರೀಕು. ಒಂದೊಂದು ದಾಖಲೆಗೂ ಖಾಯಂ ಮಾಡಿದರೆ ಮೆಮೊರಿ ಬೇಗ ಸವೆಯುತ್ತದೆ ಎಂದು ಆಗ ಅವಳೇ ಸೇರಿಸಿದ್ದಳು. ಯಜಮಾನರು ಶಹಬ್ಬಾಸ್ ಅಂದಿದ್ದು ಕೂಡ ನೆನಪಿತ್ತು.

ಅದನ್ನು ಹಾಗೇ ಬಿಟ್ಟು ಕಂಪೈಲ್ ಮುಗಿಸಿ ಪರೀಕ್ಷೆಗೆ ಕೂತಳು. ಬಾಗಿಲು ತೆರೆದಂತೆ ಮಾಡುವುದು, ತಟ್ಟನೆ ಕರೆಂಟು ತೆಗೆಯುವುದು, ಮತ್ತೆ ಕೊಟ್ಟು ನೋಡುವುದು. ಮೊದಲನೆಯ ಸಲ ಕರೆಂಟು ಕೊಟ್ಟಾಗಲೇ ಯಂತ್ರ ಸಲೀಸಾಗಿ ಎದ್ದು ಕೂತಿತು. ಒಂದು ದೋಷವನ್ನೂ ಹೇಳಲಿಲ್ಲ. ಆದರೆ ಬಾಗಿಲು ತೆರೆದ ದಾಖಲೆಯೇ ಇರಲಿಲ್ಲ. ಬಾಗಿಲು ತೆರೆದೇ ಇಲ್ಲವೇನೋ ಎಂಬಂತೆ ಪಟ್ಟಿ ನಯವಾಗಿತ್ತು.

ಅವಳ ಕೈ ಸ್ವಿಚ್ಚಿನ ಮೇಲೇ ಉಳಿಯಿತು. ಹಿಂದೆಂದೋ ಕೇಳಿದ್ದ ಒಂದು ದನಿ ಕಿವಿಗೆ ಬಿದ್ದಂತಾಯಿತು. ‘ನಾನು ಹೋಗಿದ್ದೆ ಮೇಡಂ. ಬಾಗಿಲು ತೆಗೆದಿದ್ದೆ.’

ಏಳು ವರ್ಷದ ಹಿಂದೆ ಒಂದು ಶೀತಲಗೃಹದಲ್ಲಿ ಒಬ್ಬ ಹಮಾಲಿ ಒಳಗೆ ಸಿಕ್ಕಿಕೊಂಡು ಸತ್ತಿದ್ದ. ಒಳಗಿನ ಹಿಡಿ ಕೆಟ್ಟಿತ್ತು. ಬೆಳಗಿನಿಂದ ಒಳಗೇ ಇದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಕತ್ತಲಲ್ಲಿ ತಡಕಾಡಿ ಕೊನೆಗೆ ಮಧ್ಯಾಹ್ನ ಎರಡು ಹತ್ತಕ್ಕೆ ಹಿಂಗೋಡೆಯಲ್ಲಿದ್ದ ಗಂಟೆಯ ಗುಂಡಿ ಒತ್ತಿದ್ದ. ಎರಡು ಐವತ್ತೆರಡಕ್ಕೆ ಮೇಸ್ತ್ರಿ ಹುಡುಕಿಕೊಂಡು ಬಂದು ಬಾಗಿಲು ತೆರೆದಾಗ ಜೀವ ಹೋಗಿತ್ತು. ನಡುವಿನ ನಲವತ್ತೆರಡು ನಿಮಿಷಕ್ಕೆ ಉತ್ತರ ಹೇಳಬೇಕಾದವನು ಕಾವಲುಗಾರ. ಗಂಟೆ ಕೇಳಿದ ಕೂಡಲೇ ಹೋಗಿದ್ದೆ, ಬಾಗಿಲು ತೆಗೆದು ಕೂಗಿದ್ದೆ, ಯಾರೂ ಓಗೊಡಲಿಲ್ಲ, ಮಂಜು ಕಟ್ಟಿ ಆ ಗಂಟೆ ಸುಮ್ಮಸುಮ್ಮನೆ ಹೊಡೆದುಕೊಳ್ಳುವುದು ಮಾಮೂಲಿ ಎಂದು ವಾಪಸ್ಸು ಬಂದೆ ಎಂದು ಅವನು ಹೇಳಿದ. ಯಂತ್ರದ ಪಟ್ಟಿಯಲ್ಲಿ ಹಾಗೇನೂ ಇರಲಿಲ್ಲ. ಪಟ್ಟಿಯನ್ನು ಓದಿ, ಎರಡು ಹತ್ತರಿಂದ ಎರಡು ಐವತ್ತೆರಡರವರೆಗೆ ಬಾಗಿಲು ತೆರೆದಿಲ್ಲ ಎಂದು ವರದಿ ಬರೆದು ಸಹಿ ಹಾಕಿದವಳು ಗುಬ್ಬಿ. ಕಾವಲುಗಾರ ನಿದ್ದೆ ಹೊಡೆದ, ಆಮೇಲೆ ಸುಳ್ಳು ಹೇಳಿದ ಎಂದು ತೀರ್ಮಾನವಾಯಿತು.

ಆ ದಿನ ಎರಡು ಇಪ್ಪತ್ತಕ್ಕೆ ಒಂದು ನಿಮಿಷ ಕರೆಂಟು ಹೋಗಿ ಬಂದಿತ್ತು ಎಂಬುದೂ ಅದೇ ವರದಿಯಲ್ಲಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಉಗ್ರಾಣದ ಕಬ್ಬಿಣದ ಬೀರುವಿನಲ್ಲಿ ಆ ಯಂತ್ರದಿಂದ ಅಂದು ತೆಗೆದಿಟ್ಟ ಮೆಮೊರಿ ಕಾರ್ಡು ಇನ್ನೂ ಇತ್ತು, ಅರಗಿನ ಮುದ್ರೆ ಒಡೆದ ಲಕೋಟೆಯಲ್ಲಿ. ಗುಬ್ಬಿ ಅದನ್ನು ಮೇಜಿಗೆ ತಂದಳು. ಈ ಸಲ ಪಟ್ಟಿಯನ್ನು ಕೇಳಲಿಲ್ಲ; ಮೆಮೊರಿಯನ್ನು ಮೂಲೆಯಿಂದ ಮೂಲೆಗೆ ಹಾಗೆಹಾಗೆಯೇ ಇಳಿಸಿಕೊಂಡಳು. ಈ ಲೈಬ್ರರಿಯ ರೀತಿ ಅವಳಿಗೆ ಗೊತ್ತಿತ್ತು. ದಾಖಲೆಯನ್ನು ಮೊದಲು ಖಾಲಿ ಜಾಗದಲ್ಲಿ ಬರೆಯುತ್ತದೆ, ಖಾಯಂ ಮಾಡುವಾಗಷ್ಟೇ ಪಟ್ಟಿಗೆ ಸೇರಿಸುತ್ತದೆ. ಅಷ್ಟರೊಳಗೆ ಕರೆಂಟು ಹೋದರೆ ಬರೆದದ್ದು ಅಲ್ಲೇ ಬಿದ್ದಿರುತ್ತದೆ, ಅದು ಎಲ್ಲಿದೆ ಎಂದು ಹೇಳುವವರು ಮಾತ್ರ ಇರುವುದಿಲ್ಲ.

ಸಾಲುಗಟ್ಟಲೆ ಅಂಕಿಗಳ ನಡುವೆ ಕಣ್ಣು ನೆಟ್ಟು ಊಟದ ಹೊತ್ತು ಮೀರುವವರೆಗೆ ಹುಡುಕಿದಳು. ಸಿಕ್ಕಿತು. ಎರಡು ಹದಿನೈದು, ಬಾಗಿಲು ತೆರೆಯಿತು. ಎರಡು ಹದಿನಾರು, ಬಾಗಿಲು ಮುಚ್ಚಿತು. ಗಂಟೆಯ ದಾಖಲೆ ಅವತ್ತು ಎಂಟನೆಯದಾಗಿತ್ತು, ಉಳಿದುಕೊಂಡಿತು. ಅವನು ಬಾಗಿಲು ತೆಗೆದದ್ದು ಮುಂದಿನ ಎಂಟರಲ್ಲಿ ಮೊದಲನೆಯದು.

ಎದ್ದು ಮುಖ ತೊಳೆದು ಬಂದು ನೋಡಿದಳು. ಎರಡೂ ಸಾಲು ಅಲ್ಲೇ ಇದ್ದವು.

ಯಜಮಾನರು ಕೇಳಿ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಮುಗಿದ ಕಥೆಯನ್ನು ಯಾಕೆ ಕೆದಕುವುದು ಎಂದರು. ವರದಿಗೆ ಸಹಿ ಹಾಕಿದವಳು ನಾನು, ನನಗೆ ಮುಗಿದಿಲ್ಲ ಎಂದಳು ಗುಬ್ಬಿ. ಅವರು ಕೆಟ್ಟವರಲ್ಲ. ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ, ಹಿಂದಿನ ವರದಿ ತಪ್ಪು, ಕಾವಲುಗಾರ ಹೇಳಿದ್ದು ನಿಜ ಎಂಬ ಪತ್ರವನ್ನು ತಾವೇ ಬರೆಸಿ ಸಹಿ ಹಾಕಿ ಕೊಟ್ಟರು.

ಕಾವಲುಗಾರನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಿರಿದಾದ ಬೀದಿ, ಮೂರನೆಯ ಮಹಡಿ. ಬಾಗಿಲು ತೆರೆದ ಮಗಳು ಇವಳು ಯಾರೆಂದು ಕೇಳಿ ತಿಳಿದ ಮೇಲೆ ಪಕ್ಕಕ್ಕೆ ಸರಿಯಲೇ ಇಲ್ಲ. ಒಳಗಿನಿಂದ ಅಪ್ಪ ಕರೆದದ್ದಕ್ಕೆ ದಾರಿ ಬಿಟ್ಟಳು. ಕೂದಲು ಪೂರ್ತಿ ನರೆತ ಆ ಮನುಷ್ಯ ಕಿಟಕಿಯ ಬಳಿ ಹಳೆಯ ಚಪ್ಪಲಿಗೆ ಹೊಲಿಗೆ ಹಾಕುತ್ತ ಕೂತಿದ್ದ. ಕೆಲಸ ಹೋದ ಮೇಲೆ ಯಾರೂ ಕಾವಲಿಗೆ ಇಟ್ಟುಕೊಳ್ಳಲಿಲ್ಲವಂತೆ. ಈ ಕಸುಬು ಕಲಿತನಂತೆ.

ಗುಬ್ಬಿ ಪತ್ರವನ್ನು ಓದಿ ಹೇಳಿದಳು. ತಪ್ಪಾಯಿತು ಎಂದಳು. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಮಾತ್ರ ಸೂಜಿಯನ್ನು ಚರ್ಮಕ್ಕೆ ಚುಚ್ಚಿ ಹಾಗೇ ಬಿಟ್ಟ.

‘ಹಾಗಾದ್ರೆ ನಾನು ಹೋಗಿದ್ದೆ’ ಎಂದ.

‘ಹೋಗಿದ್ರಿ. ಎರಡೂಕಾಲು ಗಂಟೆಗೆ.’

‘ಎಲ್ಲರೂ ಹೋಗಿಲ್ಲ ಹೋಗಿಲ್ಲ ಅಂದು ಅಂದು, ಆಮೇಲಾಮೇಲೆ ನನಗೂ ಹೋದ ನೆನಪೇ ಇರ್ಲಿಲ್ಲ ಮೇಡಂ. ನಿದ್ದೇನೇ ಮಾಡಿರ್ಬೇಕು ಅಂದ್ಕೊಂಡಿದ್ದೆ. ಮಲಗಿದ್ದವನಿಗೆ ಏನು ಗೊತ್ತಾಗುತ್ತೆ ಅಂತ ಒಂದು ಸಮಾಧಾನ ಇತ್ತು.’ ಅವನು ಅವಳ ಮುಖ ನೋಡಿದ. ‘ಎರಡೂಕಾಲಿಗೆ ಒಳಗಿದ್ದವನು ಬದುಕಿದ್ನಾ?’

ಗುಬ್ಬಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗುಂಡಿ ಒತ್ತಿ ಐದೇ ನಿಮಿಷ. ವೈದ್ಯರ ವರದಿಯನ್ನೂ ಅವಳು ಓದಿದ್ದಳು. ಸುಳ್ಳು ಹೇಳಬಹುದಿತ್ತು, ಈ ಮನೆಯಲ್ಲಿ ಇನ್ನೊಂದು ಸುಳ್ಳು ಬೇಡವೆನಿಸಿತು.

‘ಇದ್ದಿರ್ಬೇಕು’ ಎಂದಳು.

ಅವನು ತಲೆಯಾಡಿಸಿದ. ಹಮಾಲಿ ಪೆಟ್ಟಿಗೆಗಳ ಸಾಲಿನ ಹಿಂದೆ ಇದ್ದ, ಹತ್ತು ಹೆಜ್ಜೆ ಒಳಗೆ ಹೋಗಿದ್ದರೆ ಕಾಣುತ್ತಿದ್ದ ಎಂದು ತನಗೆ ತಾನೇ ಹೇಳಿಕೊಂಡ. ಮಗಳು ಅಪ್ಪನ ಭುಜದ ಮೇಲೆ ಕೈಯಿಟ್ಟು ಗುಬ್ಬಿಯನ್ನು ದುರುಗುಟ್ಟಿ ನೋಡಿದಳು. ಯಾಕಾದರೂ ಬಂದೆ ಎಂದು ಕೇಳುವಂತಿತ್ತು ಆ ನೋಟ.

ಪತ್ರದ ಒಂದು ಪ್ರತಿ ಸತ್ತವನ ಹೆಂಡತಿಗೂ ಹೋಗಬೇಕಿತ್ತು. ಕಾವಲುಗಾರ ಅದನ್ನು ಅಂಚೆಗೆ ಹಾಕಲು ಬಿಡಲಿಲ್ಲ. ತಾನೇ ಕೊಡುತ್ತೇನೆ ಎಂದ. ಬಾಗಿಲು ತೆಗೆದು ಮುಚ್ಚಿದವನು ತಾನು, ಕಾಗದ ಹೇಳುವುದಕ್ಕಿಂತ ತಾನು ಹೇಳುವುದು ಸರಿ ಎಂದ. ಮಗಳು ಬೇಡವೆಂದು ಗೋಗರೆದಳು. ಕೊನೆಗೆ ಭಾನುವಾರ ಬೆಳಿಗ್ಗೆ ಗುಬ್ಬಿಯೇ ಅವನ ಜೊತೆ ಹೋದಳು. ಅವನು ಅವಳನ್ನು ಬೀದಿಯಲ್ಲೇ ನಿಲ್ಲಿಸಿ ಒಬ್ಬನೇ ಒಳಗೆ ಹೋದ.

ಎದುರಿನ ಕಟ್ಟೆಯ ಮೇಲೆ ಅವಳು ಒಂದು ಗಂಟೆ ಕೂತಳು. ಒಳಗಿನಿಂದ ಕೂಗಾಟ ಕೇಳಬಹುದೆಂದು ಕಿವಿ ನೆಟ್ಟಗೆ ಮಾಡಿಕೊಂಡಿದ್ದಳು. ಏನೂ ಕೇಳಲಿಲ್ಲ. ಅವನು ಹೊರಗೆ ಬಂದಾಗ ಮುಖದಲ್ಲಿ ರಕ್ತವೇ ಇರಲಿಲ್ಲ.

‘ಬೈದ್ರಾ?’

‘ಇಲ್ಲ. ನೀರು ಕೊಟ್ರು, ಕುಡಿದೆ. ಬಾಗಿಲು ತೆಗೆದು ಏನಂತ ಕೂಗಿದ್ರಿ ಅಂತ ಕೇಳಿದ್ರು. ಯಾರಾದ್ರೂ ಇದ್ದೀರಾ ಅಂದೆ ಅಂತ ಹೇಳಿದೆ.’ ಅವನು ಗೋಡೆ ಹಿಡಿದು ನಿಂತ. ‘ಅವನದು ಭಾರೀ ನಿದ್ದೆಯಂತೆ. ಏನು ಗಲಾಟೆ ಆದ್ರೂ ಏಳ್ತಿರ್ಲಿಲ್ವಂತೆ, ಹೆಸರು ಹಿಡಿದು ಕರೆದ್ರೆ ಮಾತ್ರ ಏಳ್ತಿದ್ದನಂತೆ. ನನಗೆ ಅವನ ಹೆಸರು ಗೊತ್ತಿರ್ಲಿಲ್ಲ ಮೇಡಂ. ಆರು ತಿಂಗಳು ದಿನಾ ಗೇಟಲ್ಲಿ ನೋಡ್ತಿದ್ದೆ.’

ಬಸ್ ನಿಲ್ದಾಣದವರೆಗೆ ಇಬ್ಬರೂ ಜೊತೆಗೆ ನಡೆದರು. ಅವನು ಹತ್ತುವಾಗ ಅವಳು ಕೈ ಹಿಡಿದು ಆಸರೆ ಕೊಟ್ಟಳು. ಅವನ ಕೈ ತಣ್ಣಗಿತ್ತು.

ಸೋಮವಾರ ಗುಬ್ಬಿ ಎಂಟು ದಾಖಲೆಗೊಮ್ಮೆ ಎಂಬ ಆ ಸಾಲನ್ನು ತೆಗೆದುಹಾಕಿ ಲೈಬ್ರರಿಯನ್ನು ಮತ್ತೆ ಕಂಪೈಲ್ ಮಾಡಿದಳು. ಮೆಮೊರಿ ನಾಲ್ಕೇ ವರ್ಷಕ್ಕೆ ಸವೆದು ಹೋಗುತ್ತದಲ್ಲ ಎಂದು ಯಜಮಾನರು ಗೊಣಗಿದರು. ಸವೆಯಲಿ, ಬದಲಾಯಿಸೋಣ ಎಂದಳು. ಕಂಪೈಲ್ ಒಂದೇ ಒಂದು ಎಚ್ಚರಿಕೆಯೂ ಇಲ್ಲದೆ ಮುಗಿಯಿತು. ಹಾಗೆ ಮುಗಿದಾಗ ಹಿಂದೆಲ್ಲ ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಮೈಮುರಿಯುತ್ತಿದ್ದಳು. ಈಗ ಬಾಗಿ ಸ್ವಿಚ್ಚು ಹಿಡಿದು ಕರೆಂಟು ತೆಗೆದಳು, ಕೊಟ್ಟಳು, ನೋಡಿದಳು, ಮತ್ತೆ ತೆಗೆದಳು. ಸಂಜೆ ಎಲ್ಲರೂ ಮನೆಗೆ ಹೊರಟು ನಿಂತಾಗಲೂ ಅವಳು ಅದನ್ನೇ ಮಾಡುತ್ತಿದ್ದಳು. ದಾಖಲೆ ಪ್ರತಿ ಸಲವೂ ಪಟ್ಟಿಯಲ್ಲಿತ್ತು.